ವೇಲ್ಸ್ ಬೆಟ್ಟಗಳ ಹೆಸರು ಪತ್ತೆ: ಹಳೆಯ ನಕ್ಷೆ ಓದುವವರಿಗೆ ಹನ್ನೆರಡು ಸೂತ್ರಗಳು

2022ರ ನವೆಂಬರಿನಲ್ಲಿ ವೇಲ್ಸ್‌ನ ಒಂದು ರಾಷ್ಟ್ರೀಯ ಉದ್ಯಾನದ ಆಡಳಿತ ಮಂಡಳಿ ತೀರ್ಮಾನವೊಂದನ್ನು ಮಾಡಿತು. ಇನ್ನು ತನ್ನ ಬರವಣಿಗೆಯಲ್ಲೆಲ್ಲ ಸ್ನೋಡನ್ ಬದಲು ಅರ್ ವಿದ್ವಾ, ಸ್ನೋಡೋನಿಯಾ ಬದಲು ಎರಿರಿ. ಮರುವರ್ಷದ ಏಪ್ರಿಲ್‌ನಲ್ಲಿ ಬ್ರೆಕನ್ ಬೀಕನ್ಸ್ ಉದ್ಯಾನವೂ ಬನ್ನೈ ಬ್ರಖೈನ್ಯೋಗ್ ಆಯಿತು. ಪತ್ರಿಕೆಗಳಲ್ಲಿ ಜಗಳ ಆಯಿತು, ಆಗಬೇಕಾದದ್ದೇ. ಸ್ನೋಡನ್‌ನಂಥ 1,085 ಮೀಟರ್ ಎತ್ತರದ ಶಿಖರವೆಂದರೆ ಅದರ ಪರವಾಗಿ ವಾದಿಸಲು ಹತ್ತು ಜನ ಎದ್ದು ನಿಲ್ಲುತ್ತಾರೆ. ನಕ್ಷೆಯಲ್ಲಿ ಹೆಸರೇ ಇಲ್ಲದೆ ಬರೀ ಎತ್ತರದ ಅಂಕಿ ಹೊತ್ತು ಕೂತಿರುವ ಸಣ್ಣಪುಟ್ಟ ಬೆಟ್ಟಗಳನ್ನು ಕೇಳುವವರು ಕಡಿಮೆ. ಅವುಗಳ ಹೆಸರು ಹುಡುಕುವ ಹವ್ಯಾಸಿಗಳು ಬ್ರಿಟನ್ನಿನಲ್ಲಿ ಇದ್ದಾರೆ. ಬೇಕಾದ ನಕ್ಷೆಗಳಲ್ಲಿ ಬಹುಪಾಲು ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವುದರಿಂದ, ಕಾರ್ಡಿಫ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರೂ ಈ ಕೆಲಸಕ್ಕೆ ಕೈಹಾಕಬಹುದು, ಬಸವನಗುಡಿಯ ಮನೆಯಲ್ಲಿ ಕೂತವರೂ ಕೈಹಾಕಬಹುದು. ಕ್ರಮ ಗೊತ್ತಿರಬೇಕು, ಅಷ್ಟೇ.

1. ಹೆಸರಿಗಿಂತ ಮೊದಲು ಜಾಗ ಗೊತ್ತುಮಾಡಿಕೊಳ್ಳಿ

ಅ ಗಾರ್ನ್, ವೋಯ್ಲ್ ಗೋಖ್ ಎಂಬ ಹೆಸರಿನ ಬೆಟ್ಟಗಳು ವೇಲ್ಸ್‌ನಲ್ಲಿ ಒಂದೆರಡಲ್ಲ. ಹೆಸರು ಹಿಡಿದು ಹೊರಟರೆ ತಪ್ಪು ಬೆಟ್ಟದ ಮೇಲೆ ಹೋಗಿ ನಿಲ್ಲುತ್ತೀರಿ. ಬ್ರಿಟನ್ನಿನ ನಕ್ಷೆ ಇಲಾಖೆ ಆರ್ಡ್‌ನನ್ಸ್ ಸರ್ವೆ. ಜನ ಓಎಸ್ ಎನ್ನುತ್ತಾರೆ. ಅದು ಇಡೀ ದೇಶವನ್ನು ನೂರು ಕಿಲೋಮೀಟರ್ ಚೌಕಗಳಾಗಿ ಹಂಚಿ, ಒಂದೊಂದಕ್ಕೂ ಎರಡಕ್ಷರ ಕೊಟ್ಟಿದೆ. ಎರಿರಿಯ ಶಿಖರಗಳು ಎಸ್‌ಎಚ್ ಚೌಕದಲ್ಲಿವೆ, 886 ಮೀಟರ್ ಎತ್ತರದ ಪೆನ್ ಅ ವಾನ್ ಎಸ್‌ಓ ಚೌಕದಲ್ಲಿದೆ. ನಿಮ್ಮ ಬೆಟ್ಟದ ಚೌಕ, ಅಂಕಿ, ಎತ್ತರ ಮೂರನ್ನೂ ಹಾಳೆಯ ತಲೆಯಲ್ಲಿ ಬರೆದುಕೊಂಡೇ ಮುಂದಿನ ಕೆಲಸ.

2. ಆರಿಂಚಿನ ನಕ್ಷೆಗೆ ಮೊದಲ ಮಣೆ

ಮೈಲಿಗೆ ಒಂದಿಂಚಿನ ನಕ್ಷೆಯಲ್ಲಿ ಒಂದು ಬೆಟ್ಟಕ್ಕೆ ಒಂದು ಹೆಸರು ಹಿಡಿಸಿದರೆ ಅದೇ ಹೆಚ್ಚು. ಮೈಲಿಗೆ ಆರಿಂಚಿನದಾದರೆ, ಅಂದರೆ 1:10,560 ಪ್ರಮಾಣದಲ್ಲಿ, ಬಂಡೆ, ಕಲ್ಲುಗುಪ್ಪೆ, ತೊರೆ, ಕುರಿದೊಡ್ಡಿ ಎಲ್ಲಕ್ಕೂ ಹೆಸರು ಬರೆಯಲು ಜಾಗವಿದೆ. ವೇಲ್ಸ್‌ನ ಮೊದಲ ಆರಿಂಚಿನ ಹಾಳೆಗಳ ಮೋಜಣಿ ಬಹುಮಟ್ಟಿಗೆ 1860ರಿಂದ 1880ರ ದಶಕಗಳಲ್ಲಿ ನಡೆಯಿತು. ಇವನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಜಾಲತಾಣದಲ್ಲಿ ಹಾಕಿದೆ. ಸ್ಕಾಟ್ಲೆಂಡಿನವರಿಗೆ ವೇಲ್ಸ್‌ನ ಉಸಾಬರಿ ಯಾಕೆ ಎಂದು ಕೇಳಬೇಡಿ, ಪುಣ್ಯ ಕಟ್ಟಿಕೊಂಡಿದ್ದಾರೆ. ಪರದೆಯ ಎಡಕ್ಕೆ ಹಳೆಯ ಹಾಳೆ, ಬಲಕ್ಕೆ ಇಂದಿನ ಉಪಗ್ರಹ ಚಿತ್ರ ಇಟ್ಟುಕೊಂಡರೆ ಎರಡೂ ಜೊತೆಜೊತೆಗೆ ಸರಿಯುತ್ತವೆ. ಮೊದಲ ಆವೃತ್ತಿ ನೋಡಿ ಮುಗಿಸಬೇಡಿ. 1900ರ ಆಸುಪಾಸಿನ ಪರಿಷ್ಕೃತ ಹಾಳೆಯನ್ನೂ ತೆಗೆಯಿರಿ. ಎರಡರ ನಡುವೆ ಹೆಸರು ಕಾಣೆಯಾಗಿದ್ದರೆ, ಪಕ್ಕಕ್ಕೆ ಸರಿದಿದ್ದರೆ, ನಿಮ್ಮ ಕೆಲಸ ಶುರುವಾಯಿತು ಎಂದರ್ಥ.

3. ಟೈದ್ ನಕ್ಷೆ ನೋಡದೆ ಬಾಯಿ ತೆರೆಯಬೇಡಿ

ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಗಣಿ ಇನ್ನೊಂದಿಲ್ಲ. ರೈತರು ಬೆಳೆದುದರಲ್ಲಿ ಹತ್ತರಲ್ಲೊಂದು ಪಾಲನ್ನು ಚರ್ಚ್‌ಗೆ ಕೊಡುವ ಹಳೆಯ ಪದ್ಧತಿಗೆ ಟೈದ್ ಎಂದು ಹೆಸರು. 1836ರ ಕಾಯಿದೆ ಅದನ್ನು ಹಣದ ರೂಪಕ್ಕೆ ಬದಲಿಸಿತು. ಯಾರ ಜಮೀನಿಗೆ ಎಷ್ಟು ಹಣ ಎಂದು ನಿಗದಿ ಮಾಡಲು ಊರೂರಿನ ನಕ್ಷೆ ಬೇಕಾಯಿತು. ವೇಲ್ಸ್‌ಗೆ ಸಂಬಂಧಿಸಿದ 1,200ಕ್ಕೂ ಹೆಚ್ಚು ನಕ್ಷೆಗಳು ಆಬರಿಸ್ಟ್ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ದೇಶದ ನೂರಕ್ಕೆ ತೊಂಬತ್ತೈದು ಭಾಗ ಇವುಗಳಲ್ಲಿ ಬಂದಿದೆ. ಸ್ವಯಂಸೇವಕರು ಇವುಗಳ ಬರಹವನ್ನು ಅಕ್ಷರಕ್ಕಿಳಿಸಿದ್ದರಿಂದ ಈಗ ಮನೆಯಲ್ಲೇ ಕೂತು ಹೆಸರು ಹಾಕಿ ಹುಡುಕಬಹುದು.

ಓದುವುದು ಹೀಗೆ. ನಕ್ಷೆಯಲ್ಲಿ ಪ್ರತಿ ತುಂಡು ಜಮೀನಿಗೂ ಒಂದು ಸಂಖ್ಯೆ ಇರುತ್ತದೆ, ಹೆಸರು ಇರುವುದು ಅಪರೂಪ. ಸಂಖ್ಯೆ ಹಿಡಿದು ಜೊತೆಗಿರುವ ಪಟ್ಟಿಗೆ ಹೋಗಬೇಕು. ನಮ್ಮ ಪಹಣಿಯ ಹಾಗೆ ಅಲ್ಲಿ ಸಾಲು ಸಾಲು ಕಲಂಗಳು: ಮಾಲೀಕ, ಸಾಗುವಳಿದಾರ, ತುಂಡಿನ ಹೆಸರು, ಉಳುವ ನೆಲವೋ ಹುಲ್ಲುಗಾವಲೋ, ವಿಸ್ತೀರ್ಣ, ಕೊಡಬೇಕಾದ ಹಣ. ಬೆಟ್ಟದ ತಲೆಯ ಮೇಲಿನ ತುಂಡಿಗೆ ‘ವೋಯ್ಲ್’ ಎಂದೋ ‘ಬ್ರಿನ್’ ಎಂದೋ ಹೆಸರು ಸಿಕ್ಕಿತು ಅನ್ನಿ. ಕುಣಿದಾಡುವ ಮೊದಲು ವಿಸ್ತೀರ್ಣದ ಕಲಂ ನೋಡಿ. ಲೆಕ್ಕ ಎಕರೆ, ರೂಡ್, ಪರ್ಚ್‌ಗಳಲ್ಲಿದೆ. ನಾಲ್ವತ್ತು ಪರ್ಚ್‌ಗೆ ಒಂದು ರೂಡ್, ನಾಲ್ಕು ರೂಡ್‌ಗೆ ಒಂದು ಎಕರೆ. ತುಂಡು ಮೂರೆಕರೆಯದಾದರೆ ಅದು ಬೆಟ್ಟದ ಬುಡದ ಒಂದು ಹೊಲ; ಬೆಟ್ಟದ ಹೆಸರನ್ನು ಹೊಲ ಎರವಲು ಪಡೆದಿರಬಹುದು. ಇನ್ನೂರು ಎಕರೆಯಿದ್ದು ‘ಹುಲ್ಲುಗಾವಲು’ ಎಂದು ಬರೆದಿದ್ದರೆ ಹೆಸರು ಬೆಟ್ಟದ್ದೇ ಆಗಿರುವ ಸಂಭವ ಹೆಚ್ಚು.

ಮಿತಿಯೂ ಇದೆ. ಊರಿನವರೆಲ್ಲ ಕುರಿ ಮೇಯಿಸುವ ತೆರೆದ ಬೆಟ್ಟವನ್ನು ಎಷ್ಟೋ ಕಡೆ ಖಾಲಿ ಬಿಟ್ಟಿದ್ದಾರೆ. ನಮಗೆ ಹೆಸರು ಬೇಕಾದಲ್ಲೇ ಬಿಳಿ ಕಾಗದ! ಆಗ ಸುತ್ತಲಿನ ತುಂಡುಗಳನ್ನು ಒಂದೊಂದಾಗಿ ತೆಗೆಯಿರಿ. ಹೊಲಕ್ಕೂ ತೆರೆದ ಬೆಟ್ಟಕ್ಕೂ ನಡುವೆ ಬೇಲಿಯೊಳಗಿರುವ ಮೇವಿನ ಜಾಗಕ್ಕೆ ಅಲ್ಲಿ ಫ್ರೀದ್ ಎನ್ನುತ್ತಾರೆ. ಫ್ರೀದ್‌ಗಳ ಹೆಸರಿನ ಬಾಲದಲ್ಲಿ ಮೇಲಿನ ಬೆಟ್ಟದ ಹೆಸರು ಆಗಾಗ ನೇತಾಡುತ್ತಿರುತ್ತದೆ. ಒಂದೇ ನಕ್ಷೆಗೆ ಮೂರು ಪ್ರತಿ ಮಾಡುತ್ತಿದ್ದರು: ಆಯೋಗಕ್ಕೆ, ಬಿಷಪ್ ಕಚೇರಿಗೆ, ಊರಿನ ಚರ್ಚ್‌ಗೆ. ಒಂದರಲ್ಲಿ ಅಕ್ಷರ ಮಾಸಿದ್ದರೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಫ್ತರದ ಪ್ರತಿಯಲ್ಲಿ ಸ್ಪಷ್ಟವಾಗಿರಬಹುದು.

4. ಅಚ್ಚಾದುದಕ್ಕಿಂತ ಕರಡು ಹೆಚ್ಚು ಹೇಳುತ್ತದೆ

ಓಎಸ್‌ನ ಮೊದಲ ಒಂದಿಂಚಿನ ಹಾಳೆಗಳು ತಾಮ್ರದ ತಗಡಿಗೆ ಹೋಗುವ ಮೊದಲು ಸರ್ವೇಯರುಗಳು ಕೈಯಲ್ಲಿ ಬರೆದ ಕರಡುಗಳಾಗಿದ್ದವು, ಹೆಚ್ಚಿನವು ಮೈಲಿಗೆ ಎರಡಿಂಚಿನವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಉತ್ತರ ವೇಲ್ಸ್‌ನಲ್ಲಿ ದುಡಿದ ರಾಬರ್ಟ್ ಡಾಸನ್ ಅವರ ಕೈ ಬೆಟ್ಟದ ಇಳಿಜಾರಿಗೆ ನೆರಳು ಕೊಡುವುದರಲ್ಲಿ ಪಳಗಿತ್ತು. ಆ ಹಾಳೆಗಳನ್ನು ಬರೀ ಚಂದಕ್ಕಾಗಿಯೂ ನೋಡಬಹುದು. ನಮ್ಮ ಕೆಲಸಕ್ಕೆ ಮುಖ್ಯವಾದ ಮಾತು ಬೇರೆ: ಎರಡಿಂಚು ಒಂದಿಂಚಿಗೆ ಇಳಿಯುವಾಗ ಜಾಗ ಸಾಲದೆ ಹೆಸರುಗಳು ಉದುರಿಹೋಗುತ್ತವೆ. ಕರಡಿನಲ್ಲಿ ಇದ್ದು ಅಚ್ಚಿನಲ್ಲಿ ಇಲ್ಲದ ಹೆಸರು ತಪ್ಪಾಗಿತ್ತು ಎಂದು ತಿಳಿಯಬೇಡಿ.

5. ಸುಟ್ಟುಹೋದ ಪುಸ್ತಕಕ್ಕಾಗಿ ಕಾಯಬೇಡಿ

ಪ್ರತಿ ಹೆಸರನ್ನೂ ಯಾರು ಹೇಳಿದರು, ಹೇಗೆ ಬರೆಯಬೇಕೆಂದರು ಎಂದು ಓಎಸ್‌ನವರು ಹೆಸರು ಪುಸ್ತಕಗಳಲ್ಲಿ ದಾಖಲಿಸುತ್ತಿದ್ದರು. ಅವು ಪೂರ್ತಿ ಉಳಿದಿದ್ದರೆ ಈ ಲೇಖನದ ಅಗತ್ಯವೇ ಬೀಳುತ್ತಿರಲಿಲ್ಲ. 1940ರಲ್ಲಿ ಸೌತಾಂಪ್ಟನ್ ಮೇಲೆ ಜರ್ಮನ್ ಬಾಂಬುಗಳು ಬಿದ್ದಾಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಪುಸ್ತಕಗಳು ನಾಶವಾದವು.

6. ನಕ್ಷೆಗಳ ತಲೆ ಎಣಿಸಬೇಡಿ, ವಂಶ ನೋಡಿ

‘ಹತ್ತು ಹಳೆಯ ನಕ್ಷೆಗಳಲ್ಲಿ ಹೀಗೇ ಇದೆ’ ಎಂಬ ವಾದ ಕೇಳಲು ಗಟ್ಟಿ, ಒಳಗೆ ಪೊಳ್ಳು. ವೇಲ್ಸ್‌ನ ಮೊದಲ ಅಚ್ಚಾದ ನಕ್ಷೆ ಹಂಫ್ರಿ ಲ್ಹೂಯ್ಡ್ ಅವರದು; ಅವರು 1568ರಲ್ಲಿ ತೀರಿಕೊಂಡ ಮೇಲೆ, 1573ರಲ್ಲಿ, ನಕ್ಷೆಗಾರ ಆರ್ಟೀಲಿಯಸ್ ಅದನ್ನು ಪ್ರಕಟಿಸಿದರು. ಆಮೇಲೆ ಬಂದವರು ಕ್ರಿಸ್ಟೋಫರ್ ಸ್ಯಾಕ್ಸ್‌ಟನ್. ಅವರ ಬೆನ್ನಿಗೆ ರಾಣಿ ಎಲಿಜಬೆತ್ ಸರ್ಕಾರವೇ ಇತ್ತು. 1576ರಲ್ಲಿ ವೇಲ್ಸ್‌ನ ಅಧಿಕಾರಿಗಳಿಗೆ ಆಜ್ಞೆ ಹೋಯಿತು: ಈ ಮನುಷ್ಯನನ್ನು ಕೋಟೆ, ಗೋಪುರ, ಬೆಟ್ಟದ ತುದಿಗೆ ಕರೆದೊಯ್ಯಿರಿ, ಸುತ್ತಲಿನ ಸೀಮೆ ಬಲ್ಲ ಎರಡು ಮೂರು ಜನರನ್ನು ಜೊತೆಗೆ ಕೊಡಿ, ಮುಂದಿನ ಸಂತೆಯೂರಿನ ತನಕ ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬರುವ ಕುದುರೆ ಸವಾರನನ್ನು ಕಳಿಸಿ. ಸರ್ವೇಯರಿಗೆ ದುಭಾಷಿ ಬೇಕು ಎಂಬುದು ನಾನೂರೈವತ್ತು ವರ್ಷದ ಹಿಂದೆಯೇ ಸರ್ಕಾರಕ್ಕೆ ಹೊಳೆದಿತ್ತು. ಆಮೇಲೆ ಬಂದ ಹಲವರಿಗೆ ಅದು ಮರೆತುಹೋದದ್ದು ವಿಚಿತ್ರ.

1611ರ ಆಸುಪಾಸಿನ ಜಾನ್ ಸ್ಪೀಡ್ ಬಹುಪಾಲು ಸ್ಯಾಕ್ಸ್‌ಟನ್‌ರನ್ನು ನೆಚ್ಚಿದರು. 1645ರ ಬ್ಲಾವ್ ಸ್ಪೀಡ್‌ರನ್ನು ನೆಚ್ಚಿದರು. ಮೂರು ನಕ್ಷೆಯಲ್ಲೂ ಒಂದೇ ಹೆಸರಿದ್ದರೆ ಸಾಕ್ಷಿ ಒಂದೇ. ಸ್ವತಂತ್ರವಾಗಿ ನೆಲ ಅಳೆದವರನ್ನು ಹುಡುಕಿ. 1795ರಲ್ಲಿ ಉತ್ತರ ವೇಲ್ಸ್‌ನ ದೊಡ್ಡ ನಕ್ಷೆ ಹೊರತಂದ ಜಾನ್ ಇವಾನ್ಸ್, ಓಎಸ್ ಅಲ್ಲಿಗೆ ಕಾಲಿಡುವ ಮೊದಲಿನವರು. ಜಮೀನುದಾರರ ಎಸ್ಟೇಟ್ ನಕ್ಷೆಗಳೂ ಈ ಗುಂಪಿಗೇ ಸೇರಿದವು.

7. ಆದೇಶ ಸಂಧಿಯನ್ನು ನೆನಪಿಸಿಕೊಳ್ಳಿ

ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲ ಇದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವಾಗ ಕಕಾರ ಗಕಾರವಾಗುವುದನ್ನು ನಾವು ಹೈಸ್ಕೂಲಿನಲ್ಲೇ ಉರು ಹೊಡೆದಿದ್ದೇವೆ. ವೆಲ್ಷ್‌ನಲ್ಲೂ ಕ, ಟ, ಪಗಳು ಗ, ಡ, ಬಗಳಾಗುತ್ತವೆ. ಇನ್ನೂ ಮುಂದೆ ಹೋಗಿ ಬ ಮತ್ತು ಮ ವಕಾರವಾಗುತ್ತವೆ, ಗಕಾರ ಮಾಯವೇ ಆಗುತ್ತದೆ. ಕಲ್ಲುಗುಪ್ಪೆಗೆ ಕಾರ್ನೆದ್, ಇಂಗ್ಲಿಷಿನ ‘ದಿ’ ಥರದ ಗುರುತುಪದ ಮುಂದೆ ಸೇರಿದರೆ, ಅಥವಾ ಸೇರಿ ಬಿದ್ದುಹೋಗಿದ್ದರೂ, ಗಾರ್ನೆದ್. ಬೋಳುಗುಡ್ಡಕ್ಕೆ ಮೋಯ್ಲ್, ಅದೇ ವೋಯ್ಲ್. ಬಂಡೆಗೆ ಕ್ರೈಗ್, ಅದೇ ಗ್ರೈಗ್. ಹುಲ್ಲುಬಯಲಿಗೆ ಗ್ವೈನ್, ಅದೇ ವೈನ್.

ಇದು ವ್ಯಾಕರಣದ ಚಪಲಕ್ಕೆ ಹೇಳುತ್ತಿಲ್ಲ. ಅಕಾರಾದಿ ಸೂಚಿಯಲ್ಲಿ ಮೋಯ್ಲ್ ಎಂದು ಹುಡುಕಿ ಸಿಗದಿದ್ದರೆ ವೋಯ್ಲ್ ಎಂದು ಇನ್ನೊಮ್ಮೆ ಹುಡುಕಬೇಕು. ಒಂದೇ ಬೆಟ್ಟ ಎರಡು ನಕ್ಷೆಯಲ್ಲಿ ಎರಡು ಅಕ್ಷರದಿಂದ ಶುರುವಾದರೆ ಎರಡು ಹೆಸರು ಎಂದು ವರದಿ ಬರೆದು ನಗೆಪಾಟಲಾಗಬೇಡಿ.

8. ತಪ್ಪು ಕಾಗುಣಿತವನ್ನು ತಿದ್ದದೆ ಬರೆದುಕೊಳ್ಳಿ

ಇಂಗ್ಲಿಷ್ ಸರ್ವೇಯರುಗಳು ಕಿವಿಗೆ ಬಿದ್ದಂತೆ ಬರೆದರು. ಪಿಮ್‌ಲಿಮೊನ್ ಎಂಬ ಬೆಟ್ಟಸಾಲು ಪ್ಲಿನ್‌ಲಿಮನ್ ಆಯಿತು. ಆದರೆ ಕಿವಿ ಯಾವಾಗಲೂ ಸುಳ್ಳು ಹೇಳುವುದಿಲ್ಲ. ಗ್ರಂಥದ ವೆಲ್ಷ್‌ನಲ್ಲಿ ಕಾಡೈರ್ ಇಡ್ರಿಸ್ ಎಂದು ಬರೆಯುವ ಬೆಟ್ಟವನ್ನು ಸುತ್ತಲಿನವರು ಕಾಡೆರ್ ಎಂದೇ ಕರೆಯುತ್ತಾರೆ. ‘ತಪ್ಪು’ ಬರೆದ ಹಳೆಯ ನಕ್ಷೆ ಊರಿನ ಉಚ್ಚಾರಣೆಯನ್ನು ಉಳಿಸಿದೆ. ಮೊದಲು ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿ; ಶುದ್ಧರೂಪವನ್ನು ಪಕ್ಕದ ಕಲಂನಲ್ಲಿ ಬರೆಯಿರಿ. ಎರಡನ್ನೂ ಕಲಸಿದರೆ ಆಮೇಲೆ ಯಾರಿಂದಲೂ ಬೇರ್ಪಡಿಸಲು ಆಗದು.

9. ಹೆಸರು ಜಾರುತ್ತದೆ, ಎಲ್ಲಿಂದ ಜಾರಿತು ನೋಡಿ

ನಕ್ಷೆ ಬರೆಯುವವರು ಅಕ್ಷರಗಳನ್ನು ಖಾಲಿ ಜಾಗ ಇದ್ದಲ್ಲಿ ಕೂರಿಸುತ್ತಾರೆ. ಕಣಿವೆಯ ಹೆಸರು ಏಣಿನ ಮೇಲೆ ಹತ್ತುತ್ತದೆ, ಕಡಿದಾದ ಬಂಡೆಯ ಹೆಸರು ಅದರ ಹಿಂದಿನ ತುದಿಗೆ ಅಂಟುತ್ತದೆ. ಅಕ್ಷರದ ಗಾತ್ರ ನೋಡಿ: ಬಿಡಿಬಿಡಿಯಾಗಿ ಹರಡಿದ ದೊಡ್ಡಕ್ಷರ ಇಡೀ ಬೆಟ್ಟಸಾಲಿನದು, ಒತ್ತಾದ ಚಿಕ್ಕಕ್ಷರ ಒಂದು ತುದಿಯದು. ಆಗ್ನೇಯ ಮತ್ತು ದಕ್ಷಿಣ ವೇಲ್ಸ್‌ನಲ್ಲಿ ಇಂಗ್ಲಿಷಿನವರು ‘ಬ್ಲ್ಯಾಕ್ ಮೌಂಟನ್’ ಎನ್ನುವುದು ಒಂದು ಸೀಮೆಯನ್ನು, ‘ಬ್ಲ್ಯಾಕ್ ಮೌಂಟನ್ಸ್’ ಎನ್ನುವುದು ಇನ್ನೊಂದು ಸಾಲನ್ನು, ಆ ಸಾಲಿನೊಳಗೇ ಇಂಗ್ಲೆಂಡ್ ಗಡಿಯ ಮೇಲೆ 703 ಮೀಟರಿನ ‘ಬ್ಲ್ಯಾಕ್ ಮೌಂಟನ್’ ಎಂಬ ತುದಿ ಬೇರೆ ಇದೆ. ಒಂದು ‘ಸ್’ ಬಿಟ್ಟರೆ ನೀವು ಬೇರೆ ಜಿಲ್ಲೆಯಲ್ಲಿರುತ್ತೀರಿ.

ಓಎಸ್ 1936ರಿಂದ ಬೆಟ್ಟಗಳ ಮೇಲೆ ನಿಲ್ಲಿಸಿದ ಮೋಜಣಿಯ ಕಾಂಕ್ರೀಟ್ ಕಂಬಗಳ ಹೆಸರನ್ನೂ ಹಾಗೇ ನಂಬಬೇಡಿ. ಕಂಬಕ್ಕೆ ಗುರುತಿಗೊಂದು ಹೆಸರು ಬೇಕಿತ್ತು. ಹತ್ತಿರದ ತೋಟದಮನೆಯದೇ ಸಾಕಾಗುತ್ತಿತ್ತು.

10. ಹಳೆಯದೆಲ್ಲ ಸರಿ ಎನ್ನಬೇಡಿ

ಸ್ನೋಡನ್ ಎಂಬ ಇಂಗ್ಲಿಷ್ ಹೆಸರು ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನಲ್ಲಿ 1095ರಷ್ಟು ಹಿಂದೆಯೇ ಸಿಗುತ್ತದೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಅದು ಗೆಲ್ಲಬೇಕೆ? 1188ರಲ್ಲಿ ವೇಲ್ಸ್ ಸುತ್ತಿದ ಜೆರಾಲ್ಡ್ ಎಂಬ ಪಾದ್ರಿ ದಕ್ಷಿಣದ ಅತಿ ಎತ್ತರದ ಬೆಟ್ಟವನ್ನು ಆರ್ಥರ್ ದೊರೆಯ ಪೀಠ ಎಂದು ಬರೆದರು. ಇಂದು ಪೆನ್ ಅ ವಾನ್ ಹತ್ತುವವರು ಯಾರೂ ಹಾಗೆನ್ನುವುದಿಲ್ಲ. ಆಬರ್‌ಗವೆನಿಯ ಪಕ್ಕದ 596 ಮೀಟರಿನ ಬೆಟ್ಟ ಇಂಗ್ಲಿಷಿನಲ್ಲಿ ಶುಗರ್ ಲೋಫ್, ವೆಲ್ಷ್‌ನಲ್ಲಿ ಮನಿದ್ ಪೆನ್ ಅ ವಾಲ್. ಎರಡೂ ಬಳಕೆಯಲ್ಲಿವೆ, ಎರಡನ್ನೂ ಬರೆಯಬೇಕು.

ಹೊಸದೂ ಗೆಲ್ಲಬಹುದು. 926 ಮೀಟರಿನ ಗಾರ್ನೆದ್ ಇಖಾವ್ 2009ರಲ್ಲಿ ಕಾರ್ನೆದ್ ಗ್ವೆನ್‌ಲ್ಹಿಯನ್ ಆಯಿತು. ವೇಲ್ಸ್‌ನ ಕೊನೆಯ ಸ್ವದೇಶಿ ರಾಜಕುಮಾರ ಲ್ಹವೆಲಿನ್‌ನ ಒಬ್ಬಳೇ ಮಗಳು ಗ್ವೆನ್‌ಲ್ಹಿಯನ್. 1282ರಲ್ಲಿ ಹುಟ್ಟಿದ ಕೂಸನ್ನು ಇಂಗ್ಲೆಂಡಿನ ಸೆಂಪ್ರಿಂಗಮ್ ಮಠಕ್ಕೆ ಒಯ್ದರು; 1337ರಲ್ಲಿ ಅಲ್ಲೇ ತೀರಿಕೊಂಡಳು. ಅವಳ ಹೆಸರಿನ ಸಂಘದವರು ಪಟ್ಟು ಹಿಡಿದರು, ಓಎಸ್ ಒಪ್ಪಿತು. ಭಾವನೆಯಾಗಿ ಇದು ನನಗೂ ಒಪ್ಪಿಗೆ. ಆದರೆ ನಕ್ಷೆಯ ಸಂಶೋಧಕರು ಇದನ್ನು 2009ರ ಹೆಸರು ಎಂದೇ ದಾಖಲಿಸಬೇಕು. ಇನ್ನೂರು ವರ್ಷದ ಮೇಲೆ ಯಾರಾದರೂ ಇದನ್ನು ಮಧ್ಯಯುಗದ್ದು ಎಂದುಕೊಂಡರೆ ತಪ್ಪು ನಮ್ಮದಾಗುತ್ತದೆ.

11. ಹೆಸರು ಸಿಗದಿದ್ದರೆ ಹುಟ್ಟಿಸಬೇಡಿ

ಬೆಟ್ಟ ಹತ್ತುವವರಿಗೆ ಪಟ್ಟಿಯ ಹುಚ್ಚು. ಎರಡು ಸಾವಿರ ಅಡಿ ಮೀರಿದ ತುದಿಗಳಿಗೆ ನಟಾಲ್ ದಂಪತಿಯ ಪಟ್ಟಿ, ಸುತ್ತಲಿನ ನೆಲದಿಂದ 150 ಮೀಟರ್ ಮೇಲೆದ್ದವಕ್ಕೆ 1992ರ ಅಲನ್ ಡಾಸನ್ ಪಟ್ಟಿ. ಪಟ್ಟಿಯ ಕಲಂ ಖಾಲಿ ಇರಬಾರದಲ್ಲ! ಹೆಸರಿಲ್ಲದ ತುದಿಗೆ ಪಕ್ಕದ ಶಿಖರದ ಹೆಸರು ತಂದು ‘ಉತ್ತರದ ತುದಿ’ ಎಂದು ಸೇರಿಸುವ ರೂಢಿ ಬಂತು. ಗುರುತಿಗಾದರೆ ಸರಿ. ಹತ್ತು ವರ್ಷ ಚಲಾವಣೆಯಾದ ಮೇಲೆ ಅದೇ ನಿಜವಾದ ಹೆಸರಿನ ಸೋಗು ಹಾಕುತ್ತದೆ.

ಇದರ ಅತಿ ದೊಡ್ಡ ಉದಾಹರಣೆಗೆ ವೇಲ್ಸ್‌ನ ನಂಟೂ ಇದೆ, ಬೆಂಗಳೂರಿನ ನಂಟೂ ಇದೆ. 1800ರಲ್ಲಿ ಸರ್ವೇಯರ್ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಆಧಾರರೇಖೆ ಅಳೆದು ಕೈಗೊಂಡ ಭಾರತದ ತ್ರಿಕೋನ ಮೋಜಣಿಯ ಹೊಣೆ 1823ರಲ್ಲಿ ಜಾರ್ಜ್ ಎವರೆಸ್ಟ್ ಅವರಿಗೆ ಬಂತು. ಎವರೆಸ್ಟ್ ಕುಟುಂಬದ ಮನೆ ವೇಲ್ಸ್‌ನ ಕ್ರಿಕ್‌ಹವೆಲ್ ಬಳಿಯ ಗ್ವೆರ್ನ್‌ವೇಲ್. ಸ್ಥಳೀಯ ಹೆಸರು ಸಿಗಲಿಲ್ಲ ಎಂದು ಹೇಳಿ, ಅವರ ಉತ್ತರಾಧಿಕಾರಿ ಆಂಡ್ರೂ ವಾ 1856ರಲ್ಲಿ ಹಿಮಾಲಯದ ಶಿಖರಕ್ಕೆ ಎವರೆಸ್ಟ್ ಹೆಸರು ಸೂಚಿಸಿದರು. ಸ್ವತಃ ಎವರೆಸ್ಟ್ ಇದಕ್ಕೆ ಆಕ್ಷೇಪ ಎತ್ತಿದರು. ಚೋಮೊಲುಂಗ್ಮಾ ಎಂಬ ಟಿಬೆಟಿನ ಹೆಸರು 1733ರಲ್ಲೇ ಪ್ಯಾರಿಸಿನ ದಾನ್ವಿಲ್ ನಕ್ಷೆಯಲ್ಲಿ ಅಚ್ಚಾಗಿತ್ತು. ಹಳೆಯ ನಕ್ಷೆಯನ್ನು ಯಾರೂ ತಿರುವಿ ನೋಡಲಿಲ್ಲ.

12. ಕುರಿಗಾಹಿಯನ್ನು ಕೇಳಿ, ಬಾಯಿಗೆ ಹೆಸರು ತುರುಕಬೇಡಿ

ನಕ್ಷೆಯ ಹೆಸರು ನಿಂತಿದೆಯೋ ಬಿದ್ದಿದೆಯೋ ಎಂದು ತೀರ್ಮಾನವಾಗುವುದು ಅಲ್ಲಿ ಕುರಿ ಮೇಯಿಸುವವರ ಬಾಯಲ್ಲಿ. ‘ಇದನ್ನು ಇಂಥ ಹೆಸರಿನಿಂದ ಕರೆಯುತ್ತೀರಾ?’ ಎಂದರೆ ಸೌಜನ್ಯಕ್ಕೆ ಹೌದೆನ್ನುತ್ತಾರೆ; ಆ ಹೌದಿಗೆ ಬೆಲೆ ಇಲ್ಲ. ‘ಕುರಿ ಇಳಿಸಲು ಹೋಗುವಾಗ ಮನೆಯಲ್ಲಿ ಎಲ್ಲಿಗೆ ಹೋಗುತ್ತೇನೆ ಅನ್ನುತ್ತೀರಿ?’ ಎಂದು ಕೇಳಿ. ಬೆಟ್ಟದ ಎರಡು ಮಗ್ಗುಲಲ್ಲಿ ಎರಡು ಊರುಗಳಿದ್ದರೆ ಎರಡೂ ಕಡೆ ಕೇಳಿ; ಎರಡು ಹೆಸರು ಬಂದರೆ ಗಾಬರಿ ಬೇಡ, ಎರಡನ್ನೂ ಊರಿನ ಸಮೇತ ಬರೆಯಿರಿ. ಯಾವ ನಕ್ಷೆ, ಯಾವ ವರ್ಷ, ಯಾವ ಹಾಳೆ, ಯಾರ ಮಾತು, ಯಾವಾಗ ಕೇಳಿದ್ದು, ಎಲ್ಲವನ್ನೂ ಸೇರಿಸಿ ಓಎಸ್‌ಗೂ ಪಟ್ಟಿ ಮಾಡುವವರಿಗೂ ಕಳಿಸಿ. 2016ರ ಕಾಯಿದೆಯಿಂದ ವೇಲ್ಸ್‌ನಲ್ಲಿ ಐತಿಹಾಸಿಕ ಸ್ಥಳನಾಮಗಳ ಅಧಿಕೃತ ಪಟ್ಟಿಯೊಂದು ಹುಟ್ಟಿಕೊಂಡಿತು. ನೀವು ಪತ್ತೆಮಾಡಿದ ಹೆಸರು ಅದರಲ್ಲಿ ಆಗಲೇ ಇದೆಯೋ ನೋಡಿಕೊಳ್ಳಿ.

ಬರೆದ ಕ್ರಮ ಹೀಗಿದ್ದರೂ, ಮಾಡುವಾಗ ಕೊನೆಯದನ್ನು ಮುಂದಕ್ಕೆ ತನ್ನಿ. ಆಬರಿಸ್ಟ್ವಿತ್‌ನ ನಕ್ಷೆಗಳು ಬರುವ ವರ್ಷವೂ ಅಲ್ಲೇ ಇರುತ್ತವೆ. ಎಂಬತ್ತು ದಾಟಿದ ರೈತರಿಗೆ ಈ ವಾರವೇ ಫೋನ್ ಮಾಡಿ.